ಹೊಟ್ಟೆಯವರೂ ತೊಡೆಯವರೂ

ಐವತ್ತು ದಾಟಿದ ಎಷ್ಟೋ ಗಂಡಸರ ಪ್ಯಾಂಟಿನ ಅಳತೆ ಮದುವೆಯಾದಾಗ ಎಷ್ಟಿತ್ತೋ ಈಗಲೂ ಅಷ್ಟೇ: 34. ಗುಟ್ಟು ದರ್ಜಿಗೆ ಗೊತ್ತು. ಬೆಲ್ಟು ಹೊಟ್ಟೆಯಿಂದ ಜಾರಿ ಅದರ ಅಡಿಯಲ್ಲಿ ಬಿಡಾರ ಹೂಡಿರುತ್ತದೆ. ಡಾಕ್ಟರು ಟೇಪು ಹಿಡಿಯುವ ಜಾಗವೇ ಬೇರೆ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಟ್ಟನಡುವೆ. ಅದೂ ಉಸಿರು ಹೊರಬಿಟ್ಟ ಮೇಲೆ. ಹೊಟ್ಟೆ ಒಳಗೆಳೆದು ನಿಲ್ಲುವ ರಾಯರ ಪಟ್ಟು ಅಲ್ಲಿ ನಡೆಯುವುದಿಲ್ಲ. ಭಾರತದ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80, ಅಲ್ಲಿಗೆ ಗಡಿ ಮುಗಿಯಿತು.

ಗಂಡಸಿನ ಕೊಬ್ಬು ಹೊಟ್ಟೆಗೆ, ಹೆಂಗಸಿನದು ತೊಡೆ-ನಿತಂಬಗಳಿಗೆ ಎಂಬುದನ್ನು 1947ರಲ್ಲಿ ವೈದ್ಯಕೀಯದ ಭಾಷೆಯಲ್ಲಿ ಬರೆದಿಟ್ಟವರು ಫ್ರಾನ್ಸಿನ ಮಾರ್ಸೇಯ್‌ನ ವೈದ್ಯ ಝಾನ್ ವಾಗ್. ಮದುವೆಮನೆಯ ಪಂಕ್ತಿಯಲ್ಲಿ ಬಡಿಸಿದವರಿಗೆಲ್ಲ ಇದು ಮೊದಲೇ ತಿಳಿದಿತ್ತು. ಆದರೆ ಸಕ್ಕರೆ ಕಾಯಿಲೆ ಹೊಟ್ಟೆಯವರನ್ನೇ ಹೆಚ್ಚಾಗಿ ಹಿಡಿಯುತ್ತದೆ ಎಂದು ಗಮನಿಸಿದ್ದು ವಾಗ್ ಅವರ ಹೆಚ್ಚುಗಾರಿಕೆ.

ತಕರಾರು ಏಳುವುದು ಗಂಡ ಹೆಂಡತಿ ಒಟ್ಟಿಗೆ ತೂಕ ಇಳಿಸಲು ಹೊರಟಾಗ. ಇಬ್ಬರಿಗೂ ಅದೇ ರಾಗಿಮುದ್ದೆ, ಅದೇ ಸೊಪ್ಪಿನ ಸಾರು, ಪಾರ್ಕಿನಲ್ಲಿ ಅದೇ ಸುತ್ತು. ಯಜಮಾನರ ಬೆಲ್ಟು ಒಂದು ತೂತು ಒಳಗೆ ಬಂದಿರುತ್ತದೆ. ಆಕೆಯ ಚೂಡಿದಾರದ ಪ್ಯಾಂಟು ತೊಡೆಯ ಹತ್ತಿರ ಮೊದಲಿನಷ್ಟೇ ಬಿಗಿ. “ನಿನಗೆ ಮನಸ್ಸಿಲ್ಲ ಕಣೇ” ಎನ್ನುತ್ತಾರೆ ಯಜಮಾನರು.

ಅನ್ಯಾಯದ ಮಾತು. ಸಾಧಾರಣ ವೇಗದ ನಡಿಗೆಯಲ್ಲಿ ತನಗೆ ಬೇಕಾದ ಶಕ್ತಿಯ ಹೆಚ್ಚಿನ ಪಾಲನ್ನು ಕೊಬ್ಬಿನಿಂದಲೇ ತೆಗೆಯುವವಳು ಆಕೆ. ಗಂಡಸಿನ ಮೈ ಸಕ್ಕರೆ-ಪಿಷ್ಟಗಳ ಕಡೆಗೆ ಹೆಚ್ಚು ವಾಲುತ್ತದೆ. ಆದರೆ ಆತನಿಗೆ ಸ್ನಾಯು ಜಾಸ್ತಿ, ಹಾಗಾಗಿ ಸೋಫಾದ ಮೇಲೆ ಉರುಳಿಕೊಂಡು ಕ್ರಿಕೆಟ್ ನೋಡುವಾಗಲೂ ಆಕೆಗಿಂತ ಹೆಚ್ಚು ಕ್ಯಾಲೊರಿ ಉರಿಯುತ್ತದೆ. ಇದನ್ನು ಸಾಧನೆ ಎನ್ನುವುದು ಹೇಗೋ!

ಇನ್ನು ಹೊಟ್ಟೆಯೊಳಗಿನ ಕೊಬ್ಬು ಸೇವಿಂಗ್ಸ್ ಖಾತೆ ಇದ್ದಂತೆ; ಅಡ್ರಿನಲಿನ್ ಬಂದು ಕೇಳಿದರೆ ಕೊಟ್ಟುಬಿಡುತ್ತದೆ. ತೊಡೆಯದು ಫಿಕ್ಸೆಡ್ ಡಿಪಾಸಿಟ್. ಅಲ್ಲಿನ ಜೀವಕೋಶಗಳಲ್ಲಿ ‘ಈಗ ಕೊಡಬೇಡ’ ಎಂದು ತಡೆಯುವ ಗ್ರಾಹಕಗಳೇ ಹೆಚ್ಚು. ಮಗುವಿಗೆ ಹಾಲೂಡಿಸಲು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ಬೇಕಾಗುತ್ತದೆ. ಆ ಡಿಪಾಸಿಟ್ಟು ಮುರಿಯುವುದು ಆಗ.

ಮುಟ್ಟು ನಿಂತು ಈಸ್ಟ್ರೋಜನ್ ಇಳಿದ ಮೇಲೆ ಆಕೆಯ ಕೊಬ್ಬೂ ಹೊಟ್ಟೆಯ ದಾರಿ ಹಿಡಿಯುತ್ತದೆ. ಸೀರೆ ಅಂಗಡಿಯ ಪಕ್ಕದ ಮ್ಯಾಚಿಂಗ್ ಸೆಂಟರಿನಲ್ಲಿ “ಲಂಗದ ಲಾಡಿ ಒಂದು ಗೇಣು ಉದ್ದ ಇರಲಪ್ಪ” ಎಂಬ ಮಾತು ಕೇಳಿಬರುವುದು ಆ ವಯಸ್ಸಿನವರಿಂದಲೇ.