ದಮ್ ಐತಿ

ರೈಲಿಲ್ಲದ ಊರಿನವರಿಗೆ ರೈಲಿನ ಮಾತು ಬಲು ರುಚಿ. ನಮ್ಮ ಜಾಲಹಳ್ಳಿಯನ್ನೇ ನೋಡಿ. ಹಳಿ ಕಾಣಬೇಕೆಂದರೆ ದೇವದುರ್ಗ ದಾಟಿ ರಾಯಚೂರಿಗೆ ಹೋಗಬೇಕು, ಇಲ್ಲವೇ ಕೃಷ್ಣೆ ದಾಟಿ ಯಾದಗಿರಿಯ ದಾರಿ ಹಿಡಿಯಬೇಕು. ಆದರೂ ಇಲ್ಲಿಯ ಚಹಾದಂಗಡಿಯ ಬೆಂಚಿನ ಮೇಲೆ ಅರ್ಧ ತಾಸು ಕೂತರೆ ಯಾವ ಗಾಡಿ ಗುಂತಕಲ್ಲಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ಯಾವುದಕ್ಕೆ ವಾಡಿಯಲ್ಲಿ ಇಂಜಿನ್ನು ತಿರುಗಿಸುತ್ತಾರೆ ಎಂಬುದೆಲ್ಲ ಪುಕ್ಕಟೆ ತಿಳಿಯುತ್ತದೆ. ಗಿಣಿಗೇರಾದಿಂದ ರಾಯಚೂರಿಗೆ ಬರಬೇಕಾದ ಹೊಸ ಮಾರ್ಗದಲ್ಲಿ 2024ರಲ್ಲಿ ಸಿಂಧನೂರಿನ ತನಕ ರೈಲು ಬಂತಲ್ಲ, ಅವತ್ತಿನಿಂದ ಅದು ಮಾನ್ವಿ ಕಡೆಗೆ ಎಷ್ಟು ಗೇಣು ಸರಿಯಿತೆಂದು ಮಾನ್ವಿಯವರಿಗಿಂತ ನಾವೇ ಹೆಚ್ಚು ಅಳೆಯುತ್ತಿದ್ದೇವೆ.

ಇಂಥ ಬೆಂಚಿನ ಮೇಲೆಯೇ ಒಂದು ದಿನ ಅಣ್ಣನ ಮಗ ಮೊಬೈಲು ಚಾಚಿದ. ‘ಕಾಕಾ, ಇದನ್ನ ನೋಡ್ರಿ. ಐವತ್ತು ವರ್ಷ ಸುಮ್ನ ನಿಂತಿದ್ದು ಎದ್ದು ಹೊಂಟೈತಿ.’

ನೋಡಿದೆ. ಹೊಗೆ ಮೊದಲು ಬಂತು, ಸದ್ದು ಆಮೇಲೆ ಬಂತು, ಇಂಜಿನ್ನು ಬರುತ್ತಲೇ ಇತ್ತು, ಮುಗಿಯಲೇ ಇಲ್ಲ. ಅಮೆರಿಕದ ಯೂನಿಯನ್ ಪೆಸಿಫಿಕ್ ರೈಲ್ವೆಯ 4014ನೇ ನಂಬರಿನ ‘ಬಿಗ್ ಬಾಯ್’. ನೀರು, ಇಂಧನ ಹೊರುವ ಹಿಂದಿನ ಟೆಂಡರ್ ಗಾಡಿಯೂ ಸೇರಿ 132 ಅಡಿ ಉದ್ದ, 500 ಟನ್ನಿಗೂ ಮಿಕ್ಕ ತೂಕ. ಉಗಿ ಇಂಜಿನ್ನುಗಳ ಪೈಕಿ ಅತಿ ದೊಡ್ಡವುಗಳಲ್ಲಿ ಒಂದು. 1941ರಿಂದ 1944ರೊಳಗೆ ಇಂಥವು 25 ತಯಾರಾದವು, ಉಳಿದದ್ದು 8. ಹೆಸರಿನ ಕಥೆ ನನಗೆ ಇಂಜಿನ್ನಿಗಿಂತ ಹಿಡಿಸಿತು. ಕಂಪನಿಯ ದೊಡ್ಡವರು ಬೇರೇನೋ ಗಂಭೀರ ಹೆಸರು ಯೋಚಿಸುತ್ತಿದ್ದರಂತೆ. ಅಷ್ಟರಲ್ಲಿ ಕಾರ್ಖಾನೆಯ ಕೆಲಸಗಾರನೊಬ್ಬ ಸುಣ್ಣದ ಕಡ್ಡಿಯಿಂದ ಅದರ ಮುಸುಡಿಯ ಮೇಲೆ ‘ಬಿಗ್ ಬಾಯ್’ ಎಂದು ಗೀಚಿಬಿಟ್ಟ. ಅದೇ ನಿಂತಿತು. ಗೀಚಿದವನು ಯಾರೆಂದು ಈವರೆಗೂ ಗೊತ್ತಿಲ್ಲ. ನಮ್ಮಲ್ಲೂ ಹಾಗೆಯೇ ಅಲ್ಲವೇ, ತೊಟ್ಟಿಲಲ್ಲಿ ಇಟ್ಟ ಹೆಸರು ಶಾಲೆಯ ದಾಖಲೆಗೆ, ಓಣಿಯವರು ಇಟ್ಟದ್ದು ಜೀವಮಾನಕ್ಕೆ.

ಈ ದೊಡ್ಡ ಹುಡುಗ 1960ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾ ಎಂಬ ಊರಿನ ಮೇಳದ ಮೈದಾನ ಸೇರಿ ನಿಂತುಬಿಟ್ಟ. ಮೈದಾನಕ್ಕೆ ಕೊಟ್ಟಿದ್ದ ಕಂಪನಿಯೇ 2013ರಲ್ಲಿ ವಾಪಸು ಕೇಳಿತು. ಹೊರತರುವುದು ಹೇಗೆ? ಮೈದಾನದಿಂದ ಮುಖ್ಯ ಹಳಿಗೆ ಸಂಪರ್ಕವೇ ಇರಲಿಲ್ಲ. ಹಳಿಯ ತುಂಡುಗಳನ್ನು ಕಾರು ನಿಲ್ಲಿಸುವ ಬಯಲಿನ ಮೇಲೆ ಜೋಡಿಸಿ, ಇಂಜಿನ್ನು ಅಷ್ಟು ದೂರ ಎಳೆದು, ದಾಟಿದ ತುಂಡನ್ನು ಹಿಂದಿನಿಂದ ಕಿತ್ತು ತಂದು ಮುಂದೆ ಹಾಸಿದರು. ಎರೆಹೊಲದ ಕೆಸರಿನಲ್ಲಿ ಬಂಡಿ ಹೂತಾಗ ಎರಡೇ ಹಲಗೆಗಳನ್ನು ಹಿಂದೆ ತೆಗೆದು ಮುಂದೆ ಹಾಕಿ ಅಂಗಳ ಮುಟ್ಟಿಸುತ್ತೇವಲ್ಲ, ಅದೇ ವಿದ್ಯೆ. 2014ರಲ್ಲಿ ವಯೋಮಿಂಗಿನ ಶಯೆನ್ನಿಗೆ ಒಯ್ದು, ಬಿಚ್ಚಿ, ತಿಕ್ಕಿ, ಬದಲಿಸಿ, 2019ರ ಮೇ ತಿಂಗಳಲ್ಲಿ ಉಗಿ ಎಬ್ಬಿಸಿದರು. ಕಲ್ಲಿದ್ದಲು ತಿನ್ನುತ್ತಿದ್ದುದಕ್ಕೆ ಈಗ ಎಣ್ಣೆಯ ಪಥ್ಯ.

ಮೇ ತಿಂಗಳೇ ಯಾಕೆಂದರೆ, 1869ರ ಮೇ 10ರಂದು ಅಮೆರಿಕದ ಪೂರ್ವದ ಹಳಿ ಮತ್ತು ಪಶ್ಚಿಮದ ಹಳಿ ಯೂಟಾದಲ್ಲಿ ಕೂಡಿದ್ದವು, ಅದಕ್ಕೆ 150 ತುಂಬಿತ್ತು. ಆ ದಿನ ಅವರು ಚಿನ್ನದ ಮೊಳೆ ಹೊಡೆದಿದ್ದರು. ಇದನ್ನು ಕೇಳಿ ನನಗೆ ತುಸು ಹೊಟ್ಟೆಕಿಚ್ಚಾಯಿತು. ಯಾಕೆಂದರೆ ಅದಾದ ಎರಡೇ ವರ್ಷಕ್ಕೆ, 1871ರಲ್ಲಿ, ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮತ್ತು ಮದರಾಸಿನಿಂದ ಬಂದ ಮದ್ರಾಸ್ ರೈಲ್ವೆ ಕೂಡಿದ್ದು ಎಲ್ಲಿ? ನಮ್ಮ ರಾಯಚೂರಿನಲ್ಲಿ! ಎರಡು ಸಮುದ್ರಗಳು ಕೈಕುಲುಕಿದ ಊರು ಅದು. ನೂರೈವತ್ತು ತುಂಬಿದಾಗ ನಮ್ಮ ಓಣಿಯಲ್ಲಿ ಯಾರೂ ಒಂದು ತೆಂಗಿನಕಾಯಿ ಒಡೆದದ್ದು ಕಾಣಲಿಲ್ಲ. ಹಟ್ಟಿಯಂಥ ಚಿನ್ನದ ಗಣಿಯನ್ನು ಮಗ್ಗುಲಲ್ಲೇ ಇಟ್ಟುಕೊಂಡ ನಮಗೆ ಮೊಳೆಯ ಆಸೆ ಹುಟ್ಟದಿದ್ದುದು ವೈರಾಗ್ಯವೋ ಮರೆವೋ ಹೇಳಲಾರೆ.

‘ನಮ್ಮ ದೇಶದಾಗ ಇಷ್ಟ ದೊಡ್ಡದು ಇಲ್ಲೇನ್ರಿ ಕಾಕಾ?’

ಇಷ್ಟು ದೊಡ್ಡದಿಲ್ಲ, ಆದರೆ ನಾಚಿಕೊಳ್ಳುವಷ್ಟು ಸಣ್ಣದೂ ಅಲ್ಲ. ದಿಲ್ಲಿಯ ರೈಲು ಮ್ಯೂಸಿಯಮ್ಮಿನಲ್ಲಿ ಬಂಗಾಳ ನಾಗಪುರ ರೈಲ್ವೆಯ 815ನೇ ನಂಬರಿನದು ನಿಂತಿದೆ. ಮ್ಯಾಂಚೆಸ್ಟರಿನ ಬೇಯರ್ ಪೀಕಾಕ್ ಕಂಪನಿ 1930ರಲ್ಲಿ ಮಾಡಿದ ಗ್ಯಾರಟ್ ಇಂಜಿನ್ನು, 234 ಟನ್ನು. ಗ್ಯಾರಟ್ ಎಂದರೆ ಪಲ್ಲಕ್ಕಿ ಎಂದುಕೊಳ್ಳಿ. ಮುಂದೊಂದು ಗಾಲಿಗಳ ಗುಂಪು, ಹಿಂದೊಂದು ಗುಂಪು, ನಡುವೆ ತೂಗುಹಾಕಿದ ಬಾಯ್ಲರು. ತಿರುವಿನಲ್ಲಿ ಮುಂದಿನ ಬೋಯಿಗಳು ಮೊದಲು ತಿರುಗುತ್ತಾರೆ, ಹಿಂದಿನವರು ಆಮೇಲೆ, ಒಳಗೆ ಕೂತ ಸ್ವಾಮಿಗೆ ಏನೂ ಆಗುವುದಿಲ್ಲ. ಇದರ ಒಡಹುಟ್ಟು 811ನ್ನು ಖರಗ್‌ಪುರ ವರ್ಕ್‌ಶಾಪಿನವರು 2006ರಲ್ಲಿ ಎಬ್ಬಿಸಿ ಓಡಿಸಿಯೂ ಇದ್ದಾರೆ. ಇನ್ನು 1855ರ ಪುಟ್ಟ ‘ಫೇರಿ ಕ್ವೀನ್’ 1997ರಲ್ಲಿ ಮ್ಯೂಸಿಯಮ್ಮಿನಿಂದ ಇಳಿದು ದಿಲ್ಲಿಯಿಂದ ಅಲ್ವರಿಗೆ ಪ್ರವಾಸಿಗರನ್ನು ಕರೆದೊಯ್ದು ಗಿನ್ನೆಸ್ ಪುಸ್ತಕ ಸೇರಿತು.

‘ಹಂಗಾದ್ರ 815ನ್ನ ಯಾಕ ಓಡಿಸಬಾರದು?’ ಎಂದ ಹುಡುಗ, ನಾನೇ ಕೀಲಿ ಇಟ್ಟುಕೊಂಡವನ ಹಾಗೆ ನನ್ನನ್ನೇ ದಿಟ್ಟಿಸುತ್ತಾ.

ಯಾಕಾಗಬಾರದು ಎಂಬುದು ಸುಲಭದ ಪ್ರಶ್ನೆ. ಹೊರಗಿನ ಬಣ್ಣ ನೋಡಿ ಯಾರೂ ಹೇಳಲಾರರು, ಕಾಯಿಲೆಯೆಲ್ಲ ಒಳಗೆ. ನಮ್ಮ ಮನೆಯ ಬಚ್ಚಲ ಹಂಡೆಯನ್ನೇ ನೋಡಿ. ರಾಯಚೂರು ಸೀಮೆಯ ಬೋರಿನ ನೀರು ಕಾಸಿ ಕಾಸಿ ಅದರೊಳಗೆ ಬೆರಳು ದಪ್ಪ ಬಿಳಿ ಗಟ್ಟಿ ಕೂತಿದೆ. ನೀರು ಕಾಯುವುದಕ್ಕೆ ಮುಂಚೆ ಆ ಸುಣ್ಣ ಕಾಯಬೇಕು, ಸುಣ್ಣ ಕಾಯುವುದಕ್ಕೆ ಒಂದು ಹೊರೆ ತೊಗರಿಕಟ್ಟಿಗೆ. ಬಾಯ್ಲರಿನೊಳಗೆ ನೂರಾರು ಕೊಳವೆಗಳು, ಪ್ರತಿಯೊಂದೂ ಒಂದೊಂದು ಹಂಡೆ. ಗಟ್ಟಿ ಕೂತ ಕಡೆ ಲೋಹ ನೀರಿಗೆ ಶಾಖ ಬಿಟ್ಟುಕೊಡಲಾರದೆ ತಾನೇ ಕೆಂಪಗೆ ಕಾದು ಸೋಲುತ್ತದೆ. ಆದ್ದರಿಂದ ಎಲ್ಲ ಕೊಳವೆಗಳನ್ನೂ ಹೊರಗೆಳೆದು ಹೊಸವನ್ನು ಹಾಕಬೇಕು. ಅಮೆರಿಕದಲ್ಲಿ ಇದಕ್ಕೊಂದು ಕಾನೂನೇ ಇದೆ: 1,472 ದಿನ ಕೆಲಸ ಮಾಡಿದ ಮೇಲೆ, ಅಥವಾ 15 ವರ್ಷ ಕಳೆದ ಮೇಲೆ, ಯಾವುದು ಮೊದಲೋ ಆಗ, ಬಾಯ್ಲರನ್ನು ಬಿಚ್ಚಿ ಪರೀಕ್ಷಿಸಲೇಬೇಕು. 1,500 ಎನ್ನದೆ 1,472 ಎಂದು ಬರೆದವನು ಯಾರೇ ಇರಲಿ, ಹಿಂದಿನ ಜನ್ಮದಲ್ಲಿ ನಮ್ಮ ಕಡೆಯ ಶ್ಯಾನುಭೋಗನೇ.

ಇನ್ನು ಒಲೆಯ ಗೋಡೆಯನ್ನೂ ಹೊರಗಿನ ಗೋಡೆಯನ್ನೂ ಹಿಡಿದಿಡುವ ಸ್ಟೇಬೋಲ್ಟುಗಳು. ಇವೂ ನೂರಾರು. ಮುರಿದದ್ದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಬಾಯ್ಲರ್ ಮಿಸ್ತ್ರಿ ಸಣ್ಣ ಸುತ್ತಿಗೆಯಿಂದ ಒಂದೊಂದನ್ನೇ ಬಡಿದು ಕೇಳುತ್ತಾನೆ. ಗಟ್ಟಿಯಿದ್ದದ್ದು ಟಣ್ ಎನ್ನುತ್ತದೆ, ಮುರಿದದ್ದು ದಬ್ ಎನ್ನುತ್ತದೆ. ಸಂತೆಯಲ್ಲಿ ಗಡಿಗೆ ಕೊಳ್ಳುವ ನಮ್ಮ ಅವ್ವನನ್ನು ಬೆರಳ ಗೆಣ್ಣಿನ ಸಮೇತ ಖರಗ್‌ಪುರಕ್ಕೆ ಕಳಿಸಿದರೆ ಅರ್ಧ ದಿನದ ಕೆಲಸ. ಇಷ್ಟೆಲ್ಲ ಆದ ಮೇಲೆ ಬಾಯ್ಲರಿಗೆ ನೀರು ತುಂಬಿ, ಓಡುವಾಗಿನ ಒತ್ತಡಕ್ಕಿಂತ ಹೆಚ್ಚಿನ ಒತ್ತಡ ಕೊಟ್ಟು ನೋಡುತ್ತಾರೆ. ಉಗಿಯಿಂದ ಪರೀಕ್ಷೆ ಮಾಡಿ ಸೋತರೆ ಮಿಸ್ತ್ರಿಯೇ ಇರುವುದಿಲ್ಲ, ನೀರಿನಿಂದ ಮಾಡಿ ಸೋತರೆ ಚಡ್ಡಿ ಒದ್ದೆಯಾಗುತ್ತದೆ, ಅಷ್ಟೆ.

ಗಾಲಿಯ ಮಾತು ಬಂದರೆ ನಾವೇ ಪಂಡಿತರು. ಉಗಿ ಇಂಜಿನ್ನಿನ ಗಾಲಿಗೆ ಹೊರಸುತ್ತು ಉಕ್ಕಿನದೊಂದು ಬಳೆ ಇರುತ್ತದೆ. ಅದನ್ನು ಕಾಯಿಸಿ ಹಿಗ್ಗಿಸಿ ಗಾಲಿಗೆ ತೊಡಿಸಿದರೆ ತಣಿಯುತ್ತಾ ಬಿಗಿಯುತ್ತದೆ. ಬಂಡಿಗಾಲಿಗೆ ಬೆರಣಿಯ ಬೆಂಕಿಯಲ್ಲಿ ಕಾಯಿಸಿ ಹಳಿ ಏರಿಸುವ ನಮ್ಮ ಕಮ್ಮಾರರಿಗೆ ಇದು ಮಧ್ಯಾಹ್ನದ ಕೆಲಸ. ಗಮ್ಮತ್ತೆಂದರೆ ಶಬ್ದವೂ ಅದೇ, ಹಳಿ. ನಮ್ಮ ಬಂಡಿ ತನ್ನ ಹಳಿಯನ್ನು ತಾನೇ ಸುತ್ತಿಕೊಂಡು ಬೇಕಾದ ಕಡೆ ಹೋಗುತ್ತದೆ, ರೈಲು ಹಳಿಯನ್ನು ನೆಲಕ್ಕೆ ಬಿಟ್ಟು ಅದರ ಗುಲಾಮನಾಯಿತು. ಕೃಷ್ಣೆಯ ದಡದ ತಿಂಥಣಿಯ ಮೌನೇಶ್ವರರು ವಿಶ್ವಕರ್ಮ ಮನೆತನದವರು. ಅವರ ಹೆಸರು ಹೇಳಿ ಕುಲುಮೆಗೆ ಕೈಮುಗಿಯುವವರು ಈ ಕಡೆ ಇನ್ನೂ ಇದ್ದಾರೆ, ಕುಲುಮೆಗಳು ಕಡಿಮೆಯಾಗಿವೆ.

ನಿಜವಾದ ತೊಡಕು ಬೇರೆ. ನೀರು. ಬಿಗ್ ಬಾಯ್ ಒಂದು ಸಲಕ್ಕೆ ಕುಡಿದಿಟ್ಟುಕೊಳ್ಳುವುದು ಸುಮಾರು 95,000 ಲೀಟರು. ನಮ್ಮೂರ ಟ್ರ್ಯಾಕ್ಟರಿನ 5,000 ಲೀಟರಿನ ಟ್ಯಾಂಕರಿನ ಲೆಕ್ಕದಲ್ಲಿ 19 ಟ್ಯಾಂಕರು. ಏಪ್ರಿಲಿನಲ್ಲಿ ಅದು ಜಾಲಹಳ್ಳಿಗೆ ಬಂದರೆ ಇಂಜಿನ್ನು ನೋಡಲು ಬಂದ ಹೆಂಗಸರು ಕೊಡ ಹಿಡಿದೇ ಬರುತ್ತಾರೆ. ಮೊದಲು ಸ್ಟೇಷನ್ನುಗಳಲ್ಲಿ ಆನೆಯ ಸೊಂಡಿಲಿನಂಥ ನೀರಿನ ಕಂಬಗಳಿದ್ದವು. ಚಿಕ್ಕವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ರಾಯಚೂರಿನಲ್ಲಿ ಕರಿ ಇಂಜಿನ್ನು ನೀರು ಕುಡಿಯುವುದನ್ನು ನೋಡಿದ್ದು ನೆನಪಿದೆ. ಕುಡಿದಾದ ಮೇಲೆ ಅದು ಉಸಿರು ಬಿಟ್ಟಿತು, ನಾನು ಅಪ್ಪನ ಪಟಗದೊಳಗೆ ಉಚ್ಚೆ ಬಿಟ್ಟೆ. ಆ ಕಂಬಗಳು ಹೋದವು. ಮೈಸೂರಿನ ರೈಲು ಮ್ಯೂಸಿಯಮ್ಮಿನದಂತೂ ಇನ್ನೂ ವಿಚಿತ್ರ ಪಾಡು. 1979ರಲ್ಲಿ ತೆರೆದ ಅಂಗಳದಲ್ಲಿ ಮೀಟರ್ ಗೇಜಿನ ಚಂದದ ಇಂಜಿನ್ನುಗಳಿವೆ. ಎಬ್ಬಿಸಿದರೂ ಅವು ಹೋಗುವುದೆಲ್ಲಿಗೆ? ಗೇಟಿನ ಹೊರಗೆಲ್ಲ ಬ್ರಾಡ್ ಗೇಜು. ಮೈಗೆ ಚೇತರಿಕೆ ಬಂದರೂ ಮನೆಯ ದಾರಿ ಕಿತ್ತುಹೋದ ಮುದುಕರ ಹಾಗೆ.

ಹಾಗಾದರೆ ನಮ್ಮ ಜಾತ್ರೆಯ ತೇರಿಗೆ ಈ ತೊಡಕೆಲ್ಲ ಯಾಕಿಲ್ಲ ಎಂದು ಆ ರಾತ್ರಿ ಮಲಗಿದಾಗ ಹೊಳೆಯಿತು. ತೇರೂ ದೊಡ್ಡದೇ. ಅದೂ ವರ್ಷದ 364 ದಿನ ಸುಮ್ಮನೆ ನಿಂತಿರುತ್ತದೆ. ಆದರೆ ಅದನ್ನು ‘ಮತ್ತೆ ಓಡಿಸಲು ಸಾಧ್ಯವೇ’ ಎಂದು ಯಾರೂ ಸಮಿತಿ ಮಾಡುವುದಿಲ್ಲ. ಜಾತ್ರೆಗೆ ಹದಿನೈದು ದಿನ ಇರುವಾಗ ಬಡಿಗ ತಾನಾಗಿಯೇ ಬಂದು ಅಚ್ಚು ನೋಡುತ್ತಾನೆ, ಹಗ್ಗದವನು ಹಗ್ಗ ನೋಡುತ್ತಾನೆ, ಗಾಲಿಗೆ ಮರದ ತುಂಡು ಕೊಟ್ಟು ತಿರುಗಿಸುವವನು ತನ್ನ ಮಗನನ್ನು ಪಕ್ಕಕ್ಕೆ ನಿಲ್ಲಿಸಿಕೊಳ್ಳುತ್ತಾನೆ. ವರ್ಷಕ್ಕೆ ನಾಲ್ಕು ನೂರು ಗಜ ಹೋಗಿ ಬರುವುದಕ್ಕೆ ಇಷ್ಟು ಮಂದಿಯ ಕೈ ಪಳಗಿರುತ್ತದೆ. ಇಂಜಿನ್ನುಗಳನ್ನು ನಾವು ಒಂದೇ ಸಲ ಹೂಹಾಕಿ ಕಟ್ಟೆಯ ಮೇಲೆ ನಿಲ್ಲಿಸಿಬಿಟ್ಟೆವು. ಕಬ್ಬಿಣ ಕಾಯುತ್ತಾ ಕೂತಿತು, ಕೈಗಳು ಪೆನ್ಷನ್ ತೆಗೆದುಕೊಂಡು ಊರಿಗೆ ಹೋದವು. ಹುಬ್ಬಳ್ಳಿ ವರ್ಕ್‌ಶಾಪಿನ ಕೊನೆಯ ಉಗಿ ಕಾಲದವರು ಈಗ ಮೊಮ್ಮಕ್ಕಳಿಗೆ ಹೊಗೆಯ ಕಥೆ ಹೇಳುವ ವಯಸ್ಸಿನವರು.

ಈ ತತ್ತ್ವವನ್ನು ಬೆಳಗ್ಗೆ ಹುಡುಗನ ಮುಂದೆ ಇಟ್ಟದ್ದೇ ತಪ್ಪಾಯಿತು. ಅವನ ಕಣ್ಣು ನಮ್ಮ ಹಿತ್ತಲಿಗೆ ಹೋಯಿತು. ಅಲ್ಲಿ ಅಪ್ಪನ ಆಯಿಲ್ ಇಂಜಿನ್ನು ಇದೆ. ಐದು ಎಚ್.ಪಿ.ಯದು, ಎರಡು ಕಡೆ ದಪ್ಪ ಗಾಲಿ. ಒಂದು ಕಾಲಕ್ಕೆ ಹಳ್ಳದ ನೀರೆತ್ತಿ ನಮ್ಮ ಶೇಂಗಾ ಹೊಲ ಕಾಪಾಡಿದ್ದು. ನಾರಾಯಣಪುರದ ಬಲದಂಡೆ ಕಾಲುವೆಯ ನೀರು ಬಂದು, ಕರೆಂಟೂ ಬಂದು, ಅದು ಮೂಲೆಗೆ ಸರಿಯಿತು. ಮಹಾನವಮಿಗೆ ಕುಂಕುಮ, ಮಿಕ್ಕ ದಿನ ಅದರ ಮೇಲೆ ಸಂಡಿಗೆ.

‘ಮನ್ಯಾಗಿನ ಬಿಗ್ ಬಾಯ್ ಎಬ್ಬಸೋಣ ಕಾಕಾ.’

ಇಂಜಿನ್ ಚಾಚಾನನ್ನು ಕರೆಸಿದೆವು. ಎಪ್ಪತ್ತು ದಾಟಿದ ಮನುಷ್ಯ, ಊರಿಗೆ ಮೋಟಾರು ಬರುವ ಮುಂಚೆ ಹತ್ತು ಹಳ್ಳಿಗೆ ಇವನೇ ಡಾಕ್ಟರು. ಬಂದವನು ಇಂಜಿನ್ನನ್ನು ಮುಟ್ಟಲಿಲ್ಲ, ಸಂಡಿಗೆಯ ತಟ್ಟೆ ನೋಡಿ ಕಣ್ಣು ಕಿರಿದು ಮಾಡಿದ. ಆಮೇಲೆ ಹ್ಯಾಂಡಲು ಹಾಕಿ ತಿರುವಲು ನೋಡಿದ. ಕದಲಲಿಲ್ಲ. ಪಿಸ್ಟನ್ನು ಲೈನರಿಗೆ ಹಿಡಿದುಕೊಂಡಿತ್ತು. ಅರ್ಧ ಲೀಟರು ಸೀಮೆಎಣ್ಣೆ ಸುರಿದು, ‘ಆಠ್ ದಿನ ಹಿಂಗ ಬಿಡ್ರಿ, ಮಾತಾಡಸಬ್ಯಾಡ್ರಿ’ ಎಂದು ಹೋದ. ಎಂಟು ದಿನಕ್ಕೆ ಬಂದು ಮರದ ಕೊರಡಿನಿಂದ ಎರಡು ಏಟು ಹಾಕಿದ, ಬಿಟ್ಟಿತು. ರಿಂಗು ರಾಯಚೂರಿನಲ್ಲಿ ಸಿಕ್ಕವು, ನಾಝಲ್ಲು ಮಾನ್ವಿಯ ಗುಜರಿಯಲ್ಲಿ. ಹುಡುಗ ಫೋಟೊ ಮೇಲೆ ಫೋಟೊ ತೆಗೆದ. ಚಾಚಾ ಗಾಲಿಯನ್ನು ಮೆಲ್ಲಗೆ ತಿರುವಿ, ಒತ್ತು ಬಂದ ಕಡೆ ನಿಲ್ಲಿಸಿ, ಕಿವಿ ಹಚ್ಚಿ ಕೇಳಿ ಅಂದ: ‘ದಮ್ ಐತಿ.’

ಹುಡುಗ ತಿರುವಿದ, ಹ್ಯಾಂಡಲು ತಿರುಗಿ ಹೊಡೆದು ಮೊಣಕೈ ಹಿಡಿದುಕೊಂಡು ಕೂತ. ನಾನು ತಿರುವಿದೆ, ನನ್ನ ದಮ್ಮೇ ಹೋಯಿತು. ಕೊನೆಗೆ ಚಾಚಾ ಎದ್ದು, ಲಿವರು ಎತ್ತಿ, ನಾಲ್ಕು ಸುತ್ತು ಹಾಕಿ, ಐದನೆಯದಕ್ಕೆ ಲಿವರು ಬಿಟ್ಟ. ಒಂದು ಕೆಮ್ಮು. ಕರಿಹೊಗೆ. ಡುಗ್. ಮತ್ತೆ ಡುಗ್. ಆಮೇಲೆ ಡುಗ್ ಡುಗ್ ಡುಗ್ ಎಂದು ಹಿತ್ತಲಿನ ಗೋಡೆ, ಬೇವಿನ ಗಿಡ, ತಟ್ಟೆಯ ಸಂಡಿಗೆ ಎಲ್ಲ ತಾಳಕ್ಕೆ ನಿಂತವು. ಓಣಿಯ ಹುಡುಗರು ಗೋಡೆ ಏರಿದರು.

ಅವ್ವನಿಗೆ ಈಚೆಗೆ ಕಿವಿ ಮಂದ. ಊಟಕ್ಕೆ ಕರೆದರೂ ಭುಜ ಮುಟ್ಟಬೇಕು. ಒಳಗಿನಿಂದ ಗೋಡೆ ಹಿಡಿದುಕೊಂಡು ಹೊರಗೆ ಬಂದಳು, ಸೆರಗು ಸೊಂಟಕ್ಕೆ ಸಿಗಿಸಿಕೊಂಡೇ ಬಂದಿದ್ದಳು.

‘ಮಡಿಗೆ ನೀರು ತಿರುವಾಕ ಯಾರು ಹೋಗ್ಯಾರ?’

ಯಾರೂ ಮಾತಾಡಲಿಲ್ಲ. ಹುಡುಗ ಹತ್ತಿರ ಹೋಗಿ ಕಿವಿಯಲ್ಲಿ ಕೂಗಿದ, ‘ನೀರಿಲ್ಲ ಆಯಿ. ಪಂಪ್ ಹಚ್ಚಿಲ್ಲ. ಬರೇ ಇಂಜಿನ್ನು.’

ಅವಳು ಇಂಜಿನ್ನನ್ನೊಮ್ಮೆ, ಚಾಚಾನನ್ನೊಮ್ಮೆ, ಎಲ್ಲರಿಗಿಂತ ಹೆಚ್ಚು ಹೊತ್ತು ನನ್ನನ್ನು ನೋಡಿದಳು.

‘ನೀರಿಲ್ದ ಯಾಕ ಓಡಸ್ತೀರೋ, ಎಣ್ಣಿ ದಂಡ. ಬಂದ್ ಮಾಡ್ರಿ.’

ಚಾಚಾ ಕೈ ಚಾಚಿದ. ಅವ್ವ ಕಟ್ಟೆಯ ಮೇಲೆ ಕೂತು ಸೆರಗು ಬಿಚ್ಚಿಕೊಂಡಳು.

‘ತಡೀರಿ,’ ಅಂದಳು. ‘ಎಣ್ಣಿ ಹಾಕೀರಿ ಅಂದ ಮ್ಯಾಲೆ ತೀರೂತನ ಓಡ್ಲಿ.’