ಸಾಫ್ಟ್‌ವೇರ್ ಹಾಕುವ ಮಾಣಿ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲೂಕುಗಳ ಅಡಿಕೆ ಸೀಮೆಯಲ್ಲಿ ಬಾವಿಗೆ ಜಾಗ ತೋರಿಸುವವರು, ಹಾವು ಹಿಡಿಯುವವರು, ಪಹಣಿ ಓದಿ ಅರ್ಥ ಹೇಳುವವರು ಊರಿಗೊಬ್ಬರಂತೆ ಹಿಂದಿನಿಂದಲೂ ಇದ್ದು, ಸುಮಾರು 2011ರ ನಂತರ ಈ ಸಾಲಿಗೆ ಸ್ಮಾರ್ಟ್‌ಫೋನಿಗೆ ಸಾಫ್ಟ್‌ವೇರ್ ಹಾಕುವ ಮಾಣಿಯೂ ಸೇರಿಕೊಂಡಿದ್ದಾನೆ. ಈತನ ವಯಸ್ಸು ಸಾಮಾನ್ಯವಾಗಿ ಹದಿನೆಂಟರಿಂದ ಮೂವತ್ತರ ನಡುವೆ ಇರುತ್ತದೆ. ಓದು ಡಿಪ್ಲೊಮಾ ಇಲ್ಲವೇ ಬಿ.ಕಾಂ. ವೃತ್ತಿಯೆಂಬಲ್ಲಿ ಕೃಷಿ ಎಂದು ಬರೆಯುತ್ತಾನಾದರೂ ತೋಟದಲ್ಲಿ ಆತ ಕಾಣಿಸಿಕೊಳ್ಳುವುದು ಅಲ್ಲಿನ ಮೇಲಿನ ಅಗಳದ ಮೂಲೆಯೊಂದರಲ್ಲಿ ನೆಟ್‌ವರ್ಕ್ ಸಿಗುತ್ತದೆಂಬ ಕಾರಣಕ್ಕೆ ಮಾತ್ರ. ಈ ಜಾತಿಯ ಮುಖ್ಯ ಲಕ್ಷಣವೆಂದರೆ, ಸರಿಯಾಗಿ ಕೆಲಸ ಮಾಡುತ್ತಿರುವ ಫೋನನ್ನು ಕಂಡರೆ ಆತನಿಗೆ ಉಂಟಾಗುವ ಒಂದು ಬಗೆಯ ಚಡಪಡಿಕೆ.

ನ್ಯಾಯವಾಗಿ ಹೇಳಬೇಕೆಂದರೆ, ಈ ಚಡಪಡಿಕೆಯ ಮೂಲ ಕನ್ನಡಾಭಿಮಾನದಲ್ಲಿದೆ. ಆಂಡ್ರಾಯ್ಡ್ 2.3ರ ಕಾಲದ ಅಗ್ಗದ ಫೋನುಗಳಲ್ಲಿ ಬಹಳಷ್ಟು ಕಡೆ ಕನ್ನಡದ ಅಕ್ಷರಗಳ ಬದಲು ಖಾಲಿ ಚೌಕಗಳು ಸಾಲಾಗಿ ಕಾಣುತ್ತಿದ್ದವು. ಒಪೆರಾ ಮಿನಿ ಬ್ರೌಸರಿನ ಗುಪ್ತ ಪುಟವೊಂದಕ್ಕೆ ಹೋಗಿ, ಸಂಕೀರ್ಣ ಲಿಪಿಗಳನ್ನು ಚಿತ್ರರೂಪದಲ್ಲಿ ತೋರಿಸುವಂತೆ ಆಯ್ಕೆ ಬದಲಿಸಿದರೆ ಕನ್ನಡ ಪತ್ರಿಕೆಗಳನ್ನು ಹೇಗೋ ಓದಬಹುದಿತ್ತು. ಆದರೆ ಫೋನಿನ ತುಂಬ ಕನ್ನಡ ಕಾಣಬೇಕಾದರೆ ವ್ಯವಸ್ಥೆಯ ಒಳಕೋಶಕ್ಕೆ ಫಾಂಟ್ ಸೇರಿಸಬೇಕಿತ್ತು, ಅದಕ್ಕೆ ಫೋನನ್ನು ರೂಟ್ ಮಾಡಬೇಕಿತ್ತು, ಎಂದರೆ ತಯಾರಕರು ಬಳಕೆದಾರನಿಗೆ ಕೊಡದೆ ತಮ್ಮಲ್ಲೇ ಇಟ್ಟುಕೊಂಡ ಸರ್ವಾಧಿಕಾರವನ್ನು ಕಸಿದುಕೊಳ್ಳಬೇಕಿತ್ತು. 2012ರಲ್ಲಿ ಬಂದ ಆಂಡ್ರಾಯ್ಡ್ 4.1ರಲ್ಲಿ ಕನ್ನಡ ತಾನಾಗಿಯೇ ಮೂಡತೊಡಗಿತು. ಅಲ್ಲಿಗೆ ಕಾರಣ ಮುಗಿಯಿತಾದರೂ, ಮಾಣಿಗೆ ಆ ವೇಳೆಗೆ ಸರ್ವಾಧಿಕಾರದ ರುಚಿ ಹತ್ತಿಯಾಗಿತ್ತು.

ಮೂರು ತಾಲೂಕುಗಳ ಮಾಣಿಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿವೆ. ಸಾಗರದವನಿಗೆ ಪೇಟೆ ಹತ್ತಿರವಿರುವುದರಿಂದ ಕೇಬಲ್, ಚಾರ್ಜರ್ ಮತ್ತು ಧೈರ್ಯ ಮೂರೂ ಸುಲಭವಾಗಿ ಸಿಗುತ್ತವೆ. ಹೊಸನಗರದವನು ಶರಾವತಿಯ ಹಿನ್ನೀರಿನ ಆಚೆ ಇರುವುದರಿಂದ ಸ್ವಾವಲಂಬಿ, ಆದಕಾರಣ ಹೆಚ್ಚು ಅಪಾಯಕಾರಿ. ತೀರ್ಥಹಳ್ಳಿಯವನು ಮಾತುಗಾರ, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಊರುಸೀಮೆಯವನಾದುದರಿಂದ, ಕಂಪನಿ ಹಾಕಿದ ಬೀಗವನ್ನು ಒಡೆಯುವ ಕೆಲಸವನ್ನೂ ಸಿದ್ಧಾಂತದ ಬಲವಿಲ್ಲದೆ ಆರಂಭಿಸುವುದಿಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ಉಳುವವನೇ ನೆಲದೊಡೆಯ ಎಂದು ನಿಂತ ಮೇಲೆ, ಕೊಂಡವನೇ ಫೋನಿನೊಡೆಯ ಎನ್ನುವುದರಲ್ಲಿ ತಪ್ಪೇನಿದೆ ಎಂಬುದು ಆತನ ವಾದ. ವಾದ ಸರಿಯಾಗಿಯೇ ಇದೆ. ತೊಂದರೆಯೆಂದರೆ, ಕೊಂಡವರು ಅಪ್ಪ, ಒಡೆತನ ಚಲಾಯಿಸುವವನು ಮಗ.

ವಿಷಯ ತಿಳಿಯದ ಓದುಗರಿಗಾಗಿ ಇಲ್ಲಿ ಕೆಲವು ಪರಿಭಾಷೆಗಳನ್ನು ಬಿಡಿಸಿ ಹೇಳುವುದು ಅಗತ್ಯ. ಫೋನು ನಡೆಯಲು ಬೇಕಾದ ಸಮಗ್ರ ತಂತ್ರಾಂಶಕ್ಕೆ ಈ ವಲಯದಲ್ಲಿ ರಾಮ್ ಎನ್ನುತ್ತಾರೆ. ಕಂಪನಿ ಕೊಟ್ಟಿದ್ದು ಸ್ಟಾಕ್ ರಾಮ್, ಹವ್ಯಾಸಿಗಳು ತಿದ್ದಿ ಕಟ್ಟಿದ್ದು ಕಸ್ಟಮ್ ರಾಮ್. ಇವುಗಳಲ್ಲಿ 2009ರಲ್ಲಿ ಆರಂಭವಾಗಿ 2016ರ ಕೊನೆಗೆ ನಿಂತುಹೋದ ಸೈನೊಜೆನ್‌ಮಾಡ್ ಮತ್ತು ಅದರ ಉತ್ತರಾಧಿಕಾರಿಯಾದ ಲಿನಿಯೇಜ್ ಓಎಸ್ ಹೆಸರಾದವು. ಫೋನಿಗೆ ಜೀವ ಬಂದೊಡನೆ ಮೊದಲು ಎಚ್ಚರಗೊಳ್ಳುವ ಪುಟ್ಟ ತಂತ್ರಾಂಶಗಳಲ್ಲೊಂದು ಬೂಟ್‌ಲೋಡರ್. ಯಕ್ಷಗಾನದಲ್ಲಿ ಭಾಗವತರ ಪದ್ಯವಿಲ್ಲದೆ ಯಾವ ವೇಷವೂ ರಂಗಕ್ಕೆ ಬರುವಂತಿಲ್ಲವಷ್ಟೆ, ಹಾಗೆ ಕಂಪನಿಯ ಸಹಿಯಿರುವ ರಾಮ್ ಹೊರತು ಬೇರೆ ಯಾವುದನ್ನೂ ಇದು ಒಳಗೆ ಬಿಡುವುದಿಲ್ಲ. ಇದರ ಬೀಗ ತೆಗೆದ ಮೇಲೆ ರಿಕವರಿ ಎಂಬ ಸಣ್ಣ ವಿಭಾಗಕ್ಕೆ ಟಿಡಬ್ಲ್ಯುಆರ್‌ಪಿ ಎಂಬ ತಂತ್ರಾಂಶವನ್ನು ತುಂಬಿ, ಅದರ ಮೂಲಕ ಹಳೆಯ ರಾಮ್ ಅಳಿಸಿ ಹೊಸದನ್ನು ಬರೆಯುವ ಕ್ರಿಯೆಗೆ ಫ್ಲಾಶ್ ಮಾಡುವುದು ಎಂದು ಹೆಸರು. ಮನೆಯವರು ಇದಿಷ್ಟನ್ನೂ ಒಟ್ಟಾಗಿ, ಮಾಣಿ ಮೊಬೈಲಿಗೆ ಎಂತದೋ ಮಾಡ್ತಾ ಇದ್ದ, ಎನ್ನುತ್ತಾರೆ.

ಪ್ರಯೋಗಕ್ಕೆ ಮಾಣಿಯ ಸ್ವಂತ ಫೋನು ಸಿಗುವುದಿಲ್ಲ, ಏಕೆಂದರೆ ಅದು ಹಿಂದಿನ ಪ್ರಯೋಗದಿಂದ ಇನ್ನೂ ಎದ್ದಿರುವುದಿಲ್ಲ. ಆದ್ದರಿಂದ ಆತನ ಕಣ್ಣು ಅಪ್ಪಯ್ಯನ ಫೋನಿನ ಮೇಲೆ ಬೀಳುತ್ತದೆ. 2 ಜಿಬಿ ರ‍್ಯಾಮ್, 16 ಜಿಬಿ ಜಾಗ ಇರುವ ಆ ಬಡ ಯಂತ್ರದಲ್ಲಿ ಅಡಿಕೆ ಧಾರಣೆಯ ನಾಲ್ಕು ವಾಟ್ಸ್‌ಆ್ಯಪ್ ಗುಂಪುಗಳು, ತಾಳಮದ್ದಲೆಯ ಧ್ವನಿಮುದ್ರಣಗಳು, ಕೊನೆಕೊಯ್ಲಿನ ಲೆಕ್ಕ ಮತ್ತು ಗುಲಾಬಿ ಹೂವಿನ ಮೇಲೆ ಶುಭೋದಯ ಎಂದು ಬರೆದ ಅಸಂಖ್ಯಾತ ಚಿತ್ರಗಳು ತುಂಬಿಕೊಂಡಿರುವುದರಿಂದ ಅದು ನಿಧಾನವಾಗಿರುವುದು ಸಹಜವೇ. ಚಿತ್ರಗಳನ್ನು ಅಳಿಸಿದರೆ ಸಾಕೆಂಬುದು ಮಾಣಿಗೂ ಗೊತ್ತು. ಆದರೆ ಅದು ವಿದ್ಯೆಗೆ ತಕ್ಕ ಕೆಲಸವಲ್ಲ. "ಅಪ್ಪಯ್ಯ, ನಿನ್ನ ಫೋನು ರಾಶಿ ಸ್ಲೋ ಆಯ್ದು, ಒಂಚೂರು ಫಾಸ್ಟ್ ಮಾಡಿಕೊಡ್ತಿ" ಎಂಬ ಒಂದು ವಾಕ್ಯದಿಂದ ಮಲೆನಾಡಿನ ಅದೆಷ್ಟೋ ಫೋನುಗಳ ಕೊನೆಯ ಅಧ್ಯಾಯ ಆರಂಭವಾಗಿದೆ.

ಬೀಗ ತೆಗೆಯಲು ಶಿಯೋಮಿಯಂತಹ ಕಂಪನಿಗಳು ಅರ್ಜಿ ಹಾಕಿಸಿಕೊಂಡು 168 ಗಂಟೆ, ಅಂದರೆ ಏಳು ದಿನ, ಕಾಯಿರೆಂದು ಹೇಳುವ ಪದ್ಧತಿಯಿತ್ತು. ದುಡುಕುವವನು ಅಷ್ಟರಲ್ಲಿ ಮನಸ್ಸು ಬದಲಿಸಲಿ ಎಂಬ ಆಶಯ ಇದರಲ್ಲಿ ಇದ್ದಿರಬಹುದು. ಗೊಬ್ಬರ ತರಲು ಹೇಳಿದರೆ ಒಂದು ಗಳಿಗೆ ನಿಲ್ಲದ ಮಾಣಿ ಈ ಏಳು ದಿನಗಳನ್ನು ವ್ರತದಂತೆ ಕಳೆಯುತ್ತಾನೆ. ಬೀಗ ತೆರೆದ ಕ್ಷಣವೇ ಫೋನಿನಲ್ಲಿರುವ ಎಲ್ಲ ಖಾಸಗಿ ಮಾಹಿತಿಯೂ ಅಳಿಸಿಹೋಗುವುದು ವ್ಯವಸ್ಥೆಯ ನಿಯಮ. ಕದ್ದ ಫೋನಿನ ಬೀಗ ಒಡೆದವನಿಗೆ ಮಾಲೀಕನ ಗುಟ್ಟು ಸಿಗಬಾರದೆಂಬುದು ಅದರ ಉದ್ದೇಶ. ಮಾಣಿ ಜಾಣನಾದುದರಿಂದ ಮುಂಚಿತವಾಗಿಯೇ ಎಲ್ಲವನ್ನೂ ನಕಲು ಮಾಡಿ ತೆಗೆದಿಡುತ್ತಾನೆ. ತೆಗೆದಿಡುವುದು ಮಾತ್ರ ಅದೇ ಫೋನಿನ ಒಳಗೆ.

ಮುಂದಿನ ಹಂತ ಡೌನ್‌ಲೋಡ್. ಒಂದು ರಾಮ್ ಕಡತ ಸಾಮಾನ್ಯವಾಗಿ 1 ಜಿಬಿಯ ಆಸುಪಾಸಿನಲ್ಲಿರುತ್ತದೆ. ಕೋವಿಡ್ ಕಾಲದಲ್ಲಿ ಶಾಲೆಯ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಗುಡ್ಡ ಹತ್ತಿ ಕೊಡೆ ಹಿಡಿದು ಕುಳಿತ, ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ ಎಂದು ಹಳ್ಳಿಗಳು ಫಲಕ ಹಾಕಿದ ಸೀಮೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಮಾಣಿ ಅದೇ ಗುಡ್ಡ ಹತ್ತುತ್ತಾನೆ. ಹೀಗೆ ಕಂತುಕಂತಾಗಿ ಇಳಿಸಿದ ಕಡತ ಅಖಂಡವಾಗಿದೆಯೇ ಎಂದು ತಿಳಿಯಲು ಎಂಡಿ5 ಎಂಬ ಪರೀಕ್ಷೆಯಿದ್ದು, ಕಡತದ ಒಂದೇ ಒಂದು ಬಿಟ್ ಬದಲಾದರೂ ಅದರಿಂದ ಹೊರಡುವ 32 ಅಕ್ಷರಗಳ ಸಾಲು ಬೇರೆಯಾಗುತ್ತದೆ. ಮೂಲದಲ್ಲಿ ಕೊಟ್ಟ ಸಾಲಿಗೂ ತನ್ನ ಸಾಲಿಗೂ ತಾಳೆ ನೋಡಿದರೆ ಮುಗಿಯಿತು. ಇದನ್ನು ಮಾಡಿದ ಮಾಣಿಯೊಬ್ಬ ಈ ಮೂರು ತಾಲೂಕುಗಳಲ್ಲಿ ಎಲ್ಲಿಯಾದರೂ ಇದ್ದರೆ ಆತ ಈ ಚಿತ್ರದ ವ್ಯಾಪ್ತಿಗೆ ಬರುವುದಿಲ್ಲ.

ಇನ್ನು ವಿದ್ಯುತ್ತಿನ ವಿಷಯ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಅದರ ನೀರಿಗೆ ಸಾಗರ ಮತ್ತು ಹೊಸನಗರದ ಎಷ್ಟೋ ಊರುಗಳು ಮುಳುಗಿ, ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟಿಗೆ ಏರಿ, ರಾಜ್ಯದ ಎಲ್ಲೆಲ್ಲಿಯೋ ದೀಪಗಳು ಉರಿದವು. ಮಾಣಿಯ ಮನೆಯಲ್ಲಿ ಮಾತ್ರ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಮೂರು ದಿನ ಕತ್ತಲೆ. ಆತನ ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ಸತ್ತುಹೋಗಿ, ಅದು ಗೋಡೆಯ ವಿದ್ಯುತ್ತಿನಿಂದ ಮಾತ್ರ ಬದುಕಿರುತ್ತದೆ. ಫ್ಲಾಶ್ ಮಾಡುವಾಗ ಕೇಬಲ್ ಅಲುಗಬಾರದು, ವಿದ್ಯುತ್ ಹೋಗಬಾರದು ಎಂಬುದು ಶಾಸ್ತ್ರದ ಮೊದಲ ವಾಕ್ಯ. ಇದಕ್ಕೆ ಆಷಾಢದ ರಾತ್ರಿಯನ್ನು, ಅದೂ ಆಗುಂಬೆಯ ಗಾಳಿ ಬೀಸುತ್ತಿರುವಾಗ, ಆತ ಏಕೆ ಆರಿಸಿಕೊಳ್ಳುತ್ತಾನೆಂಬುದು ಇನ್ನೂ ಸಂಶೋಧನೆಯಾಗಬೇಕಾದ ವಿಷಯ.

ಫಲವಾಗಿ ಫೋನು ಕಂಪನಿಯ ಲೋಗೋ ತೋರಿಸಿ ಆರುತ್ತದೆ, ಮತ್ತೆ ಲೋಗೋ ತೋರಿಸಿ ಮತ್ತೆ ಆರುತ್ತದೆ. ಈ ಸ್ಥಿತಿಗೆ ಬೂಟ್‌ಲೂಪ್ ಎನ್ನುತ್ತಾರೆ. ಇಷ್ಟಾದರೂ ಜೀವದ ಲಕ್ಷಣ ಉಳಿದಿರುವುದನ್ನು ಸಾಫ್ಟ್ ಬ್ರಿಕ್ ಎಂದೂ, ಗುಂಡಿ ಒತ್ತಿದರೂ ಚಾರ್ಜಿಗೆ ಹಾಕಿದರೂ ಯಾವ ಪ್ರತಿಕ್ರಿಯೆಯೂ ಇಲ್ಲದಿರುವುದನ್ನು ಹಾರ್ಡ್ ಬ್ರಿಕ್ ಎಂದೂ ವಿಂಗಡಿಸುತ್ತಾರೆ. ಮೊದಲನೆಯದನ್ನು ಎರಡನೆಯದಾಗಿ ಪರಿವರ್ತಿಸಲು ಮಾಣಿಗೆ ಬೆಳಗಾಗುವವರೆಗಿನ ಸಮಯ ಸಾಕಾಗುತ್ತದೆ. ನಡುವೆ ಅಮ್ಮ ಬಂದು "ಎಂತ ಆತೋ ತಮಾ, ಇನ್ನೂ ಮಲಗಿದ್ದಿಲ್ಯ?" ಎಂದು ಕೇಳಿದರೆ, ಮೊದಲ ಸಲ ಆನ್ ಆಗಲು ಹತ್ತು ನಿಮಿಷ ಹಿಡಿಯುತ್ತದೆಂದು ಉತ್ತರಿಸುತ್ತಾನೆ. ಹೊಸ ರಾಮ್ ಮೊದಲ ಬಾರಿ ತೆರೆದುಕೊಳ್ಳುವಾಗ ತಡವಾಗುವುದು ನಿಜವೇ ಆದ್ದರಿಂದ ಇದನ್ನು ಸುಳ್ಳೆನ್ನಲಾಗದು. ಆ ಹತ್ತು ನಿಮಿಷ ರಾತ್ರಿಯಿಡೀ ನಡೆಯುತ್ತಿರುತ್ತದೆ, ಅಷ್ಟೆ.

ಇಲ್ಲಿಂದ ಪುನರುಜ್ಜೀವನದ ಅಧ್ಯಾಯ. ಪೇಟೆಯ ರಿಪೇರಿ ಅಂಗಡಿಗೆ ಹೋಗುವುದು ಮಾಣಿಗೆ ಅವಮಾನವಾದರೂ ಒಮ್ಮೆ ಹೋಗಿಯೇ ಹೋಗುತ್ತಾನೆ. ಅಂಗಡಿಯವನು ಫೋನನ್ನು ತಿರುಗಿಸಿ ನೋಡುತ್ತಾ "ನೀವೇ ಏನಾದ್ರೂ ಮಾಡಿದ್ರಾ?" ಎನ್ನುತ್ತಾನೆ. "ಎಂತದೂ ಮಾಡ್ಲಿಲ್ಲ ಮಾರಾಯ್ರೆ, ಚಾರ್ಜಿಗೆ ಹಾಕಿದ್ದೆ, ತಾನಾಗೇ ಆಫ್ ಆಯ್ತು" ಎಂಬುದು ಉತ್ತರ. ದಿನಕ್ಕೆ ಎಷ್ಟೋ ಸಲ ಇದೇ ಮಾತು ಕೇಳುವ ಅಂಗಡಿಯವನು ನಗದೆ, ಸಾಫ್ಟ್‌ವೇರ್ ಹೋಗಿದೆ, ಬಿಟ್ಟು ಹೋಗಿ, ಎನ್ನುತ್ತಾನೆ; ಬಿಟ್ಟು ಹೋಗಲು ಒಪ್ಪದ ಮಾಣಿ ಒಂದು ಕೇಬಲ್ ಕೊಂಡು ಹಿಂದಿರುಗುತ್ತಾನೆ. ಆ ಕೇಬಲ್ ಚಾರ್ಜಿಗೆ ಮಾತ್ರ ಸಲ್ಲುವಂಥದು, ಮಾಹಿತಿ ಸಾಗಿಸಬೇಕಾದ ಎರಡು ತಂತಿಗಳು ಅದರೊಳಗೆ ಇಲ್ಲವೇ ಇಲ್ಲ ಎಂಬುದು ಎರಡು ದಿನ ಕಳೆದ ಮೇಲೆ ಗೊತ್ತಾಗುತ್ತದೆ.

ಆದರೂ ಹೆಚ್ಚಿನ ಸಂದರ್ಭಗಳಲ್ಲಿ ಫೋನು ಬದುಕುತ್ತದೆ, ಮತ್ತು ಅದು ಬದುಕುವ ಕಾರಣ ಗಮನಾರ್ಹವಾದುದು. ಸಂಸ್ಕಾರಕದ ಚಿಪ್ಪಿನೊಳಗೆ ತಯಾರಿಕೆಯ ಹೊತ್ತಿನಲ್ಲಿಯೇ ಕೆತ್ತಿಬಿಟ್ಟ ಬೂಟ್ ರಾಮ್ ಎಂಬ ಚಿಕ್ಕ ಸೂಚನಾಸಮೂಹವಿದ್ದು, ಅದನ್ನು ಅಳಿಸಲು ಯಾರಿಂದಲೂ ಆಗುವುದಿಲ್ಲ. ಉಳಿದೆಲ್ಲವೂ ಹಾಳಾದಾಗ ಅದು ಯುಎಸ್‌ಬಿ ಕೇಬಲಿನ ಕಡೆ ಕಿವಿಗೊಟ್ಟು, ಹೊರಗಿನಿಂದ ಯಾರಾದರೂ ಹೊಸ ತಂತ್ರಾಂಶ ಕೊಟ್ಟಾರೇ ಎಂದು ಕಾಯುತ್ತದೆ. ಕ್ವಾಲ್‌ಕಾಮ್ ಚಿಪ್ಪಿನ ಫೋನುಗಳಲ್ಲಿ ಈ ಸ್ಥಿತಿಗೆ ಇಡಿಎಲ್ ಎಂದು ಹೆಸರು. ಕೆಲವೊಮ್ಮೆ ಹಿಂಬದಿ ಬಿಚ್ಚಿ ಸರ್ಕ್ಯೂಟ್ ಬೋರ್ಡಿನ ಮೇಲಿನ ಎರಡು ಚಿನ್ನದ ಬಣ್ಣದ ಚುಕ್ಕೆಗಳನ್ನು ಪಿನ್ನಿನಿಂದ ಮುಟ್ಟಿಸಿ ಫೋನನ್ನು ಅಲ್ಲಿಗೆ ಎಳೆದು ತರಬೇಕಾಗುತ್ತದೆ. ಮೀಡಿಯಾಟೆಕ್ ಚಿಪ್ಪಿನವುಗಳಿಗೆ ಎಸ್‌ಪಿ ಫ್ಲಾಶ್ ಟೂಲ್ ಎಂಬ ಸಾಧನವಿದೆ. ಅದಕ್ಕೆ, ಯಾವ ವಿಭಾಗ ಸ್ಮರಣೆಯ ಯಾವ ವಿಳಾಸದಲ್ಲಿ ಆರಂಭವಾಗುತ್ತದೆಂದು ಪಟ್ಟಿಮಾಡಿದ ಸ್ಕ್ಯಾಟರ್ ಎಂಬ ಕಡತವನ್ನು ತೋರಿಸಿ, ಆಫ್ ಮಾಡಿದ ಫೋನಿನ ಧ್ವನಿ ಏರಿಳಿಕೆಯ ಗುಂಡಿ ಒತ್ತಿಕೊಂಡು ಕೇಬಲ್ ಚುಚ್ಚಬೇಕು. ಒಟ್ಟಿನಲ್ಲಿ ಮಾಣಿಯ ಯಶಸ್ಸೆಲ್ಲವೂ ನಿಂತಿರುವುದು ಆತನ ಕೈಗೆ ಎಟುಕದಂತೆ ಯಾರೋ ಎಂದೋ ಮುಚ್ಚಿಟ್ಟ ಆ ಒಂದು ಭಾಗದ ಮೇಲೆ. ಈ ಮಾತನ್ನು ಆತನಿಗೆ ಹೇಳಿದರೆ ಬೇಸರವಾಗುತ್ತದೆ.

ಸಾಧನದ ಪರದೆಯ ಮೇಲೆ ಹಸಿರು ಗುರುತು ಮೂಡಿದ ದಿನ ಮನೆಯಲ್ಲಿ ಹಬ್ಬ. ಕೆಡಿಸಿದವನು ಯಾರೆಂದು ಊರು ಕೇಳುವುದಿಲ್ಲ. ಸತ್ತ ಫೋನನ್ನು ಬದುಕಿಸಿದನೆಂಬುದಷ್ಟೇ ಅಡಿಕೆ ಸುಲಿಯುವ ಚಪ್ಪರಗಳಲ್ಲಿ ಹಬ್ಬಿ, ಆಚೆಮನೆಯ ಭಾವ ತನ್ನ ಫೋನನ್ನೂ ತಂದೊಪ್ಪಿಸುತ್ತಾರೆ. ಹೀಗೆ ಆತನ ಕೀರ್ತಿ ಆತನೇ ಮಾಡಿದ ಅನಾಹುತಗಳ ಪ್ರಮಾಣದಲ್ಲಿ ಬೆಳೆಯುತ್ತದೆ. ತಾಳಮದ್ದಲೆಗಳೂ ಕೊನೆಕೊಯ್ಲಿನ ಲೆಕ್ಕವೂ ಮರಳಿ ಬಂದಿಲ್ಲವೆಂದು ಅಪ್ಪಯ್ಯ ಗೊಣಗಿದರೆ, ಫೋನು ಈಗ ಎಷ್ಟು ಹಗುರವಾಗಿದೆ ನೋಡು ಎಂಬ ಸಮಾಧಾನ ಸಿಗುತ್ತದೆ. ಹಗುರವಾಗಿರುವುದು ನಿಜ, ಅದರಲ್ಲಿ ಏನೂ ಇಲ್ಲ.

ಆದರೆ ಎಸ್‌ಪಿ ಫ್ಲಾಶ್ ಟೂಲಿನಲ್ಲಿ ಬರಿದೇ ಬರೆಯುವುದು, ಮೇಲ್ದರ್ಜೆಗೇರಿಸುವುದು, ಎಲ್ಲವನ್ನೂ ಅಳಿಸಿ ಬರೆಯುವುದು ಎಂದು ಮೂರು ಆಯ್ಕೆಗಳಿದ್ದು, ಕೊನೆಯದನ್ನು ಮುಟ್ಟಬಾರದೆಂದು ಬಲ್ಲವರೆಲ್ಲ ಎಚ್ಚರಿಸಿರುತ್ತಾರೆ. ಮಾಣಿ ಒತ್ತಿರುವುದು ಅದನ್ನೇ. ಆಗ ಎನ್‌ವಿರ‍್ಯಾಮ್ ಎಂಬ ವಿಭಾಗದೊಡನೆ ಐಎಂಇಐ, ಎಂದರೆ ಮೊಬೈಲ್ ಜಾಲವು ಪ್ರತಿಯೊಂದು ಫೋನನ್ನೂ ಗುರುತಿಸುವ 15 ಅಂಕಿಗಳ ಸಂಖ್ಯೆ, ಅಳಿದುಹೋಗುತ್ತದೆ. ಅದಿಲ್ಲದ ಫೋನು ಜಾಲಕ್ಕೆ ಸೇರಲಾರದು. ಶಿವಮೊಗ್ಗೆಯಲ್ಲಾದರೆ ಇದು ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಹಿನ್ನೀರಿನ ಅಂಚಿನ ಮನೆಯಲ್ಲಿ ಫೋನಿನ ಮೇಲೆ ನೆಟ್‌ವರ್ಕಿನ ಗೆರೆ ಮೂಡುವುದೇ ಅಪರೂಪವಾದ್ದರಿಂದ, ಅದು ಕಾಣದಿರುವುದು ಯಾರ ಗಮನಕ್ಕೂ ಬರುವುದಿಲ್ಲ. ಅಪ್ಪಯ್ಯ ಅಡಿಕೆ ಮೂಟೆಯೊಡನೆ ಸಾಗರದ ಮಂಡಿಗೆ ಹೋಗಿ, ರಾಶಿ ಅಡಿಕೆಗೆ ಎಷ್ಟು ಧಾರಣೆಯಾಯಿತೆಂದು ತಿಳಿಸಲು ಮನೆಗೆ ಕರೆಮಾಡಲು ನೋಡಿದಾಗ ಮಾತ್ರ, ಊರೆಲ್ಲರ ಫೋನೂ ಮಾತಾಡುತ್ತಿರುವ ಆ ಪೇಟೆಯಲ್ಲಿ ತಮ್ಮದೊಂದೇ ಮೂಕವಾಗಿರುವುದು ಅವರಿಗೆ ಅರಿವಾಗುತ್ತದೆ.

ಐಎಂಇಐ ಬದಲಿಸುವುದನ್ನು ಕಾನೂನು ನಿಷೇಧಿಸಿರುವುದರಿಂದ, ಬೇರೆಯವರ ಸಂಖ್ಯೆ ಬರೆಯುವ ಹಾಗಿಲ್ಲ. ಹಳೆಯದನ್ನೇ ಹುಡುಕಿ ಹಿಂದಕ್ಕೆ ತರಬೇಕು. ಅದು ಫೋನಿನ ಡಬ್ಬಿಯ ಮೇಲೆ ಅಚ್ಚಾಗಿರುತ್ತದೆ. ಡಬ್ಬಿಯನ್ನು ಅಮ್ಮ ಹೂಬತ್ತಿ ಇಡಲು ತೆಗೆದುಕೊಂಡಿದ್ದರಿಂದ, ಎಣ್ಣೆ ಕುಡಿದ ಚೀಟಿಯಲ್ಲಿ 15ರ ಪೈಕಿ 11 ಅಂಕಿಗಳು ಓದಲು ಬರುತ್ತವೆ. ಉಳಿದವನ್ನು ಹುಡುಕುವುದು ಮಾಣಿಗೆ ಹೊಸ ಉತ್ಸಾಹ ಕೊಡುತ್ತದೆ.

ಅಪ್ಪಯ್ಯ ಅಷ್ಟರವರೆಗೆ ಕಾಯುವುದಿಲ್ಲ. ಮುಂದಿನ ವಾರವೇ ಪೇಟೆಯಿಂದ ಒಂದು ಕೀಪ್ಯಾಡ್ ಫೋನು ತರುತ್ತಾರೆ. ಅದರಲ್ಲಿ ಕರೆ ಬರುತ್ತದೆ, ಕರೆ ಹೋಗುತ್ತದೆ, ಒಮ್ಮೆ ಚಾರ್ಜ್ ಮಾಡಿದರೆ ದಿನಗಟ್ಟಲೆ ನಡೆಯುತ್ತದೆ, ನಿಧಾನ ಎಂದು ದೂರಲು ಅದು ಮಾಡುವ ಕೆಲಸವೇ ಕಡಿಮೆ. ಆದರೆ ಇಂತಹ ಕೀಪ್ಯಾಡ್ ಫೋನುಗಳಲ್ಲಿ ಎಷ್ಟೋ ಮೀಡಿಯಾಟೆಕ್ ಚಿಪ್ಪಿನ ಮೇಲೆಯೇ ನಡೆಯುತ್ತವೆಂದೂ, ಅವಕ್ಕೂ ಸಾಫ್ಟ್‌ವೇರ್ ಹಾಕಬಹುದೆಂದೂ ಮಾಣಿ ಒಂದು ಸಂಜೆ ಓದಿ ತಿಳಿದುಕೊಂಡು, ಊಟದ ಹೊತ್ತಿಗೆ ಆ ವಿಷಯವನ್ನು ಮೆಲ್ಲನೆ ಪ್ರಸ್ತಾಪಿಸುತ್ತಾನೆ. ಅಂದಿನಿಂದ ಅಪ್ಪಯ್ಯ ರಾತ್ರಿ ಮಲಗುವ ಮುನ್ನ ಆ ಫೋನನ್ನು ಪಹಣಿ ಪತ್ರಗಳಿರುವ ಟ್ರಂಕಿನಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಳ್ಳುತ್ತಾರೆ.