ಮೂರನೆಯ ಫೋಟೊ

ಉದ್ಯೋಗ ಖಾತ್ರಿಯ ಮೊಬೈಲ್ ಹಾಜರಾತಿ ಆ್ಯಪ್ ಸಾಹೇಬರಿಗೆ, ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ಕಡೆಯಿಂದ ಶರಣು ಶರಣಾರ್ಥಿ.

2023ರ ಜನವರಿ 1ರಿಂದ ತಮ್ಮ ಕಣ್ಣಿಗೆ ಬೀಳದ ದುಡಿಮೆ ದುಡಿಮೆಯೇ ಅಲ್ಲ. ಬೆಳಗ್ಗೆ ಒಂದು ಫೋಟೊ, ನಾಲ್ಕು ತಾಸು ಕಳೆದ ಮೇಲೆ ಇನ್ನೊಂದು. ಬದು ಹಾಕುವವಳು, ಕೆರೆಯ ಹೂಳು ಹೊರುವವಳು ಎರಡರಲ್ಲೂ ಕಾಣಬೇಕು. ಈ ಕೂಲಿಗೆ ಆದಾಯ ಪ್ರಮಾಣಪತ್ರ ಕೇಳುವುದಿಲ್ಲ, ನಿಜ. ಬೀದರಿನ ಬಿಸಿಲಿನಲ್ಲಿ ಸಲಿಕೆ ಹಿಡಿಯಲು ಒಪ್ಪುವವರು ಬಡವರೇ ಇರಬೇಕೆಂದು ಲೆಕ್ಕ ಹಾಕಿ, ದುಡಿಮೆಯನ್ನೇ ಬಡತನದ ಪರೀಕ್ಷೆ ಮಾಡಿದ್ದಾರೆ. ಆದರೆ 2005ರ ಕಾಯ್ದೆ ಷರತ್ತು ಹಾಕಿದ್ದು ಕೂಲಿಯವರಿಗೆ ಮಾತ್ರವಲ್ಲ, ಸರ್ಕಾರಕ್ಕೂ. ಕೆಲಸದ ಜಾಗದಲ್ಲಿ ನೆರಳು, ಕುಡಿಯುವ ನೀರು ಇರಬೇಕು. ತಾಯಂದಿರ ಜೊತೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ, ಆ ಹೆಂಗಸರಲ್ಲೇ ಒಬ್ಬರನ್ನು ಮಕ್ಕಳ ಬಳಿ ಕೂರಿಸಿ ಅವರಿಗೂ ಕೂಲಿ ಕೊಡಬೇಕು. (ನಾಲ್ಕೇ ಇದ್ದರೆ? ಒಂದನ್ನೊಂದು ಎತ್ತಿ ಆಡಿಸಿಕೊಳ್ಳುತ್ತವೆಂದು ಸಂಸತ್ತು ನಂಬಿರಬೇಕು.) ಮಗು ನೋಡಿಕೊಳ್ಳುವುದೂ ಕೂಲಿಗೆ ತಕ್ಕ ಕೆಲಸವೆಂದು ಕಾನೂನೇ ಒಪ್ಪಿದ ಅಪರೂಪದ ಸಾಲು ಅದು. ಮೊದಲ ಹಂತದ 200 ಜಿಲ್ಲೆಗಳಲ್ಲಿ ಬೀದರ್ ಇದ್ದುದರಿಂದ 2006ರ ಫೆಬ್ರುವರಿಯಲ್ಲೇ ಇಲ್ಲಿ ಈ ಕಾಯ್ದೆ ಜಾರಿಗೆ ಬಂತು. ಸಾಹೇಬರು ತಾಯಿಯ ಮುಖವನ್ನು ದಿನಕ್ಕೆರಡು ಸಲ ನೋಡುತ್ತೀರಿ; ನೆರಳೆಲ್ಲಿ, ಮಗುವೆಲ್ಲಿ ಎಂದು ಒಮ್ಮೆಯೂ ಕೇಳುವುದಿಲ್ಲ. ಅಳುವ ಕೂಸಿಗಾಗಿ ಮನೆಗೆ ಓಡಿದವಳು ಎರಡನೆಯ ಫೋಟೊದಲ್ಲಿ ಇಲ್ಲದಿದ್ದರೆ ಕೂಲಿಗೆ ಕುತ್ತು. ನೆರಳು ಹಾಕಿಸದ ಅಧಿಕಾರಿಯ ಸಂಬಳಕ್ಕೆ ಯಾವ ಫೋಟೊವೂ ಬೇಡ.

ಕ್ಯಾಮೆರಾ ಇಲ್ಲದಿದ್ದರೆ ಸುಳ್ಳು ಹೆಸರಿಗೆ ಹಣ ಹೋಗುತ್ತದೆ ಎನ್ನುವವರ ಮಾತನ್ನು ತಳ್ಳಿಹಾಕಲಾಗದು. ಸುಳ್ಳು ಹಾಜರಿ ಪಟ್ಟಿ (ಎನ್‌ಎಂಆರ್) ಈ ಭಾಗಕ್ಕೆ ಹೊಸದೇನಲ್ಲ. ಆದರೆ ಕ್ಯಾಮೆರಾ ಬಂದ ಮೇಲೂ ನಿಂತಿಲ್ಲ. ಸಂಬಂಧವಿಲ್ಲದ ಫೋಟೊ, ಫೋಟೊದ ಫೋಟೊ, ಒಂದೇ ಚಿತ್ರ ಹಲವು ಹಾಜರಿ ಪಟ್ಟಿಗೆ ಎಂದು 2025ರ ಜುಲೈನಲ್ಲಿ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸಾಹೇಬರ ದೌರ್ಬಲ್ಯಗಳನ್ನು ಪಟ್ಟಿ ಮಾಡಿತು. ಅದೇ ವರ್ಷ ಯಾದಗಿರಿ ಜಿಲ್ಲೆಯಲ್ಲಿ ಗಂಡಸರು ಸೀರೆಯುಟ್ಟು ತಮ್ಮೆದುರು ನಿಂತ ಸುದ್ದಿ ಪತ್ರಿಕೆಗಳಲ್ಲಿ ಬಂತು. ಸೀರೆಯೊಳಗಿನ ಗಂಡಸನ್ನು ಗುರುತಿಸದ ತಮಗೆ ಸೆರಗಿನೊಳಗಿನ ಕೂಸು ಕಾಣದಿದ್ದರೆ ಅಚ್ಚರಿಯೇನು!

ಕೂಲಿಯವರ ಮಕ್ಕಳನ್ನು ನೋಡಿಕೊಳ್ಳಲು 'ಕೂಸಿನ ಮನೆ' ಇದೆಯಲ್ಲ ಎನ್ನಬಹುದು. 2023ರ ರಾಜ್ಯ ಬಜೆಟ್ ಘೋಷಿಸಿದ್ದು 4,000 ಗ್ರಾಮ ಪಂಚಾಯ್ತಿಗಳಿಗೆ. ರಾಜ್ಯದಲ್ಲಿರುವುದು ಸುಮಾರು 6,000. ಇದ್ದಲ್ಲೂ ಅದು ಊರೊಳಗೆ, ಕೆಲಸ ತಾಂಡಾದಾಚೆಯ ಗುಡ್ಡದಲ್ಲಿ. ಮೊಲೆಹಾಲಿನ ಕೂಸು ಅಷ್ಟು ದೂರದಲ್ಲಿ ಕಾಯುವುದಿಲ್ಲ. ಹಾಗಾದರೆ ಗೃಹಲಕ್ಷ್ಮಿ ಯೋಜನೆಯ ತಿಂಗಳಿನ 2,000 ರೂಪಾಯಿ ಹಿಡಿದು ಮನೆಯಲ್ಲೇ ಇರಲಿ ಎಂಬ ಉಪದೇಶವೂ ಉಂಟು. 2025-26ರ ದರದಲ್ಲಿ, ದಿನಕ್ಕೆ 370 ರೂಪಾಯಿಯಂತೆ, ಅದು ಆರು ದಿನದ ಕೂಲಿಗೂ ಸಮವಾಗಿರಲಿಲ್ಲ. ಬ್ರಿಟನ್ನಿನಲ್ಲೂ 2023ರ ಅಕ್ಟೋಬರಿನಿಂದ ಸರ್ಕಾರಿ ನೆರವು ಪಡೆಯುವ, ಮೂರು ವರ್ಷದ ಮಗುವಿನ ತಾಯಿಯಿಂದ ವಾರಕ್ಕೆ 30 ತಾಸಿನವರೆಗೆ ದುಡಿಮೆ ನಿರೀಕ್ಷಿಸುತ್ತಾರೆ; ಆ ಗಟ್ಟಿ ಸರ್ಕಾರವೂ ಅಂಥ ದುಡಿಯುವ ಪೋಷಕರಿಗೆ ಮಗುವಿನ ಪಾಲನೆಯ ಖರ್ಚಿನಲ್ಲಿ ಒಂದು ಮಿತಿಯೊಳಗೆ ಶೇ 85ರವರೆಗೆ ಹಿಂದಿರುಗಿಸುತ್ತದೆ.

ಕೂಲಿ ತಂಡದ ಮೇಟಿಗೆ ಕರ್ನಾಟಕ 'ಕಾಯಕ ಬಂಧು' ಎಂದು ಹೆಸರಿಟ್ಟಿದೆ. ಕಾಯಕ ಶರಣರ ಮಾತು; ಹಾಗಾದರೆ ಅವರ ಕಲ್ಯಾಣದ ಲೆಕ್ಕವನ್ನೂ ಕೇಳಿ. ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡ ಮಾರಯ್ಯನನ್ನು ಆಯ್ದಕ್ಕಿ ಲಕ್ಕಮ್ಮ ತಿರುಗಿ ಕಳಿಸಿದರೆಂದು ಶರಣರ ಕಥೆ. ಅವರು ಲೆಕ್ಕ ಕೇಳಿದ್ದು ಮೊದಲು ತಮ್ಮ ಮನೆಯವರನ್ನು. 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆ ಉದ್ಯೋಗ ಖಾತ್ರಿಯ ವರ್ಷಕ್ಕೆ 100 ದಿನವನ್ನು 125 ಮಾಡಿದೆ. ಅದರ ನಿಯಮ ಬರೆಯುವವರ ಕಿವಿಗೆ ಇದನ್ನು ಹಾಕಿ. ತಮ್ಮಲ್ಲಿ ಮೂರನೆಯ ಫೋಟೊಕ್ಕೆ ಜಾಗವಾಗಲಿ: ನೆರಳು, ನೀರಿನ ಕೊಡ, ಮಕ್ಕಳ ನಡುವೆ ಕೂತ ಕೂಲಿಯಾಕೆ. ಮಧ್ಯಾಹ್ನದೊಳಗೆ ಅದು ಅಪ್‌ಲೋಡ್ ಆಗದಿದ್ದರೆ ಪಿಡಿಒ, ತಾಲ್ಲೂಕು ಪಂಚಾಯ್ತಿ ಇಒ, ಜಿಲ್ಲಾ ಪಂಚಾಯ್ತಿ ಸಿಇಒ ಮೂವರಿಗೂ ಆ ದಿನ ಗೈರುಹಾಜರಿ. ನೆಟ್‌ವರ್ಕ್ ಸಿಗಲಿಲ್ಲವೆಂದು ಅವರು ಹೇಳಿದರೆ, ಕೂಲಿಯವರು ಹೇಳಿದಾಗ ಎಷ್ಟು ಉದಾರವಾಗಿ ಒಪ್ಪಿದ್ದಿರೋ ಅಷ್ಟೇ ಉದಾರವಾಗಿ ಒಪ್ಪಿಕೊಳ್ಳಿ.